ಗಡಿನಾಡಿನ ತಾಯಿ

 

ಕಲಬುರಗಿಯಿಂದ ಕಮಲಾಪುರವನ್ನು ಹಾಯ್ದು, ಹುಮನಾಬಾದಿನ ಮಾರ್ಗವಾಗಿ ನಿಮ್ಮಲ್ಲಿ ಅನೇಕರು ಬಸವಕಲ್ಯಾಣಕ್ಕೆ ಹೋಗಿಬಂದಿರುವಿರಿ. ಆ ಕಲ್ಯಾಣದಲ್ಲಿ ಕಡೆಗಾಲದಲ್ಲಿ ನೆಲೆಸಿ, 1986ರಲ್ಲಿ ಲಿಂಗೈಕ್ಯರಾದ ಜಯದೇವಿತಾಯಿ ಲಿಗಾಡೆಯವರನ್ನು ಕುರಿತು ನಾಲ್ಕು ಮಾತುಗಳನ್ನಾಡಲು ಅಪ್ಪಣೆಯಾಗಿದೆ.

1912ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದ ಅವರಿಗೆ ಮನೆಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ. ಸಿದ್ಧರಾಮನ ಊರಿನ ಕೂಸಿಗೆ ಸಿದ್ಧರಾಮನ ನುಡಿಯು ಶಾಲೆಯಲ್ಲಿ ದೊರೆಯಲಿಲ್ಲ. ಬಾಲ್ಯದಲ್ಲಿಯೇ ವಿವಾಹವೂ ಆಯಿತು. ತರುವಾಯ ಕನ್ನಡವನ್ನು ಸ್ವಪ್ರಯತ್ನದಿಂದ ಸಾಧಿಸಿ, ಸಿದ್ಧರಾಮನ ಚರಿತೆಯನ್ನೇ ತ್ರಿಪದಿಗಳಲ್ಲಿ ಪುರಾಣವಾಗಿ ರಚಿಸಿದರು. ವಚನಗಳನ್ನು ಮರಾಠಿಗೂ ಒಯ್ದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದ ಪ್ರಥಮ ಮಹಿಳೆ ಅವರೇ. 1915ರಲ್ಲಿ ಆರಂಭವಾದ ಸಮ್ಮೇಳನಕ್ಕೆ ಒಬ್ಬ ಅಧ್ಯಕ್ಷೆ ದೊರೆಯಲು 59 ವರ್ಷಗಳು ಬೇಕಾದುದು ಪಂಡಿತವರ್ಗಕ್ಕೆ ಭೂಷಣವಲ್ಲ. ನಾನೂ ಆ ವರ್ಗದವನೇ.

ಆದರೆ ಕವಿತ್ವಕ್ಕಿಂತಲೂ ಕನ್ನಡ ಶಾಲೆಗಳಿಗಾಗಿ ಅವರು ಪಟ್ಟ ಶ್ರಮವೇ ಹಿರಿದೆಂದು ನನ್ನ ಮತ. ಸೊಲ್ಲಾಪುರದಲ್ಲಿ ಶಾಲೆಗಳನ್ನು ತೆರೆಯಿಸಿದ ಕೈಯೇ ಏಕೀಕರಣದ ಚಳವಳಿಯಲ್ಲಿಯೂ ದುಡಿಯಿತು. ಪ್ರಾಂತದ ಗೆರೆಯನ್ನು ಸರಕಾರವು ಎಳೆಯುವದು. ಗೆರೆಯ ಆಚೆಗುಳಿದ ಮಗುವಿನ ಕೈಗೆ ಯಾವ ಅಂಕಲಿಪಿ ಬರುವದೆಂಬುದು ಶಾಲೆಯಿಂದ ನಿಶ್ಚಯವಾಗುವದು. 1956ರ ನವೆಂಬರ 1ರಂದು ನಮ್ಮ ಕಲಬುರಗಿಯು ಮೈಸೂರು ರಾಜ್ಯವನ್ನು ಸೇರಿತು, ಸೊಲ್ಲಾಪುರವು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. 1967ರಲ್ಲಿ ಮಹಾಜನ ಆಯೋಗವು ಅಕ್ಕಲಕೋಟೆ ಮೊದಲಾದ ಭಾಗಗಳು ಇತ್ತ ಬರಬೇಕೆಂದಿತು. ಅದು ಕಾಗದದಲ್ಲಿಯೇ ನಿಂತಿತು.

ನಮ್ಮ ಊರಿನ ಸ್ಥಿತಿಯೂ ಬೇರೆಯಾಗಿರಲಿಲ್ಲ. ನಿಜಾಮರ ಕಾಲದಲ್ಲಿ ಉರ್ದುವೇ ರಾಜಭಾಷೆ. ಅಂಥಲ್ಲಿ ಪೂಜ್ಯ ದೊಡ್ಡಪ್ಪ ಅಪ್ಪನವರು 1934ರಲ್ಲಿ ಬಾಲಿಕೆಯರಿಗಾಗಿ ಮಹಾದೇವಿಯಕ್ಕನ ಹೆಸರಿನ ಶಾಲೆಯನ್ನು ತೆರೆದರು. ಹೆಣ್ಣಿಗೆ ಅಕ್ಷರವೇಕೆಂದು ಕೇಳುತ್ತಿದ್ದ ಕಾಲವದು.

ಈಗ ಹಾಗೆ ಕೇಳುವವರು ವಿರಳ. ಕಳೆದ ಶ್ರಾವಣದಲ್ಲಿ ಕಮಲಾಪುರದ ಕಡೆಯ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆನು. ಅವರ ಮಗಳು ವಚನವೊಂದನ್ನು ಕಾಗದ ನೋಡಿ ಹಾಡಿದಳು. ಕಂಠವು ಬಹು ಮಧುರ. ಕಾಗದವನ್ನು ಕೈಗೆ ತೆಗೆದುಕೊಂಡು ನೋಡಲಾಗಿ, ವಚನವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡಿದ್ದಳು. ತಂದೆಯವರು ಹಿಗ್ಗಿನಿಂದಲೇ, “ಬುದ್ಧೀ, ಅದಕ್ಕ ಕನ್ನಡ ಓದಲಿಕ್ಕೆ ಬರೂದಿಲ್ಲ” ಎಂದರು. ಬೈಯಲು ನನಗೆ ಮನಸ್ಸಾಗಲಿಲ್ಲ. ಅದೇ ಕಾಗದದ ಬೆನ್ನಿಗೆ ವಚನವನ್ನು ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆದುಕೊಟ್ಟು, ಮುಂದಿನ ಶ್ರಾವಣಕ್ಕೆ ಬಂದು ಕೇಳುವೆನೆಂದು ಆ ಕೂಸಿಗೆ ಹೇಳಿ ಬಂದಿದ್ದೇನೆ.