ಕೊಡಲಿಗಳ ಕಾರ್ಖಾನೆಗೆ ಒಂದು ನಡಿಗೆ



ಬಚ್ಚಿಟ್ಟದ್ದನ್ನು ಹುಡುಕುವ ಆಟಕ್ಕೆ ವಯಸ್ಸಿನ ಕಟ್ಟಳೆಯಿಲ್ಲ. 2000ದ ಮೇ ತಿಂಗಳಲ್ಲಿ ಅಮೆರಿಕದ ಒರೆಗಾನ್ ಸೀಮೆಯಲ್ಲಿ ಒಬ್ಬರು ಒಂದು ಬಕೆಟ್ಟನ್ನು ಕಾಡಿನಲ್ಲಿ ಹುದುಗಿಸಿ, ಅದಿರುವ ಜಾಗದ ಅಕ್ಷಾಂಶ ರೇಖಾಂಶಗಳನ್ನು ಮಾತ್ರ ಸಾರಿದರು. ಉಪಗ್ರಹದಿಂದ ಸ್ಥಾನ ತಿಳಿಸುವ ಯಂತ್ರ ಹಿಡಿದು ಹೋದವರು ಅದನ್ನು ಕಂಡುಹಿಡಿದರು. ಈ ಆಟಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರಾಯಿತು. ಪೆಟ್ಟಿಗೆಯಿಂದ ಒಂದನ್ನು ತೆಗೆದುಕೊಂಡವರು ಇನ್ನೊಂದನ್ನು ಇಟ್ಟು ಬರಬೇಕೆಂಬುದು ಅದರ ವಾಡಿಕೆ.

ನನ್ನ ಮೊಮ್ಮಗಳು ರಜೆಗೆ ಬಳ್ಳಾರಿಗೆ ಬಂದಾಗ ಇದೇ ಆಟ ಬೇಕೆಂದು ಹಟ ಹಿಡಿದಳು. ನಾನು ಒಂದು ಚೀಟಿಯಲ್ಲಿ ಎರಡು ಅಂಕಿಗಳನ್ನು ಬರೆದುಕೊಟ್ಟೆ. ಪೆಟ್ಟಿಗೆಯನ್ನೇನೂ ನಾನು ಇಟ್ಟಿರಲಿಲ್ಲ. ಆ ಸ್ಥಳದಲ್ಲಿ ಇಡಬೇಕಾದದ್ದನ್ನು ಮೂರೂವರೆ ಸಾವಿರ ವರ್ಷಗಳ ಹಿಂದೆಯೇ ಯಾರೋ ಇಟ್ಟುಹೋಗಿದ್ದಾರೆ.

ಊರಿಗೆ ಈಶಾನ್ಯದಲ್ಲಿ, ಸಂಗನಕಲ್ಲು ಮತ್ತು ಕಪ್ಪಗಲ್ಲುಗಳ ನಡುವೆ ಗುಡ್ಡಗಳ ಒಂದು ಗುಂಪುಂಟು. ಅವುಗಳಲ್ಲಿ ದೊಡ್ಡದು ಹಿರೇಗುಡ್ಡ. ಗುಡ್ಡವೆಲ್ಲ ಗ್ರಾನೈಟ್ ಕಲ್ಲು. ಅದರ ನಡುವೆ ಕಪ್ಪು ಡಾಲರೈಟ್ ಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಭೂಮಿಯ ಒಳಗಿನಿಂದ ಕರಗಿದ ಶಿಲೆ ಬಿರುಕಿನಲ್ಲಿ ಏರಿ ಗಟ್ಟಿಯಾದದ್ದು ಅದು. ನುಣುಪಾದ ಕಣದ, ಬಲು ಗಡುಸಾದ ಕಲ್ಲು. ನವಶಿಲಾಯುಗದ ಜನರಿಗೆ ಕೊಡಲಿ ಮಾಡಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಸುತ್ತಮುತ್ತ ಸಿಕ್ಕಿರಲಾರದು.

ಮೊದಲು ಗುಂಡುಕಲ್ಲಿನಿಂದ ಹೊಡೆದು ಚಕ್ಕೆ ಎಬ್ಬಿಸಿ ಕೊಡಲಿಯ ಆಕಾರಕ್ಕೆ ತರಬೇಕು. ಆಮೇಲೆ ಬಂಡೆಗೆ ನೀರು ಹಾಕಿ, ಬಾಯನ್ನು ಉಜ್ಜಿ ಹರಿತ ಮಾಡಬೇಕು. ಉಜ್ಜಿ ಉಜ್ಜಿ ಬಂಡೆಯೇ ದೋಣಿಯಂತೆ ಸವೆದಿದೆ. ಏಟು ತಪ್ಪಿದರೆ ಕಲ್ಲು ನಡುವೆ ಎರಡಾಗುತ್ತದೆ. ಹಾಗೆ ಮುರಿದವನ್ನು ಆ ಕೆಲಸಗಾರ ಅಲ್ಲೇ ಎಸೆದ. ಗೆದ್ದ ಕೊಡಲಿಗಳು ಊರೂರಿಗೆ ಹೋದವು. ಸೋತವು ಇಲ್ಲೇ ಉಳಿದವು. ಆದ್ದರಿಂದ ನಾನಂತೂ ಇದನ್ನು ಒಂದು ಪರೀಕ್ಷಾಶಾಲೆ ಎಂದೇ ಕರೆಯುತ್ತೇನೆ. ಯಾವ ಏಟು ಸರಿ, ಯಾವುದು ತಪ್ಪು ಎಂಬುದರ ಲೆಕ್ಕಪುಸ್ತಕ ಆ ಚಕ್ಕೆಗಳ ರಾಶಿಯಲ್ಲಿದೆ.

ಈ ನೆಲವನ್ನು ಜಗತ್ತಿಗೆ ಪರಿಚಯಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿ ಜಿಲ್ಲೆಯ ಭೂರಚನೆಯ ಮೇಲೆ ಅವರ ಗ್ರಂಥ 1895ರಲ್ಲಿ ಹೊರಬಂತು. ಗುಡ್ಡದ ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಎತ್ತು, ಮನುಷ್ಯರ ಚಿತ್ರಗಳನ್ನು ಫಾಸೆಟ್ ಎಂಬವರು 1892ರಲ್ಲಿ ವರ್ಣಿಸಿದ್ದರು. ಬಿ. ಸುಬ್ಬರಾವ್ ಅವರು ಸಂಗನಕಲ್ಲಿನಲ್ಲಿ ಅಗೆದು ನೋಡಿ, 1948ರಲ್ಲಿ ಬಳ್ಳಾರಿಯ ಶಿಲಾಯುಗದ ಬಗ್ಗೆ ಗ್ರಂಥ ಬರೆದರು. ಸಿರುಗುಪ್ಪ ಸೀಮೆಯ ಶ್ರೋತೃಗಳಿಗೆ ನೆನಪಿಸುತ್ತೇನೆ: ನಿಮ್ಮ ತೆಕ್ಕಲಕೋಟೆಯ ಬೆಟ್ಟದಲ್ಲಿ ಎಂ. ಎಸ್. ನಾಗರಾಜರಾಯರು 1963–64ರಲ್ಲಿ ಉತ್ಖನನ ನಡೆಸಿದರು. ಸಂಗನಕಲ್ಲು, ತೆಕ್ಕಲಕೋಟೆ, ಕುರುಗೋಡುಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಸೋಸಿದಾಗ ಸುಟ್ಟ ಕಾಳುಗಳು ದೊರೆತಿವೆ. ಹುರುಳಿ, ಹೆಸರು, ಕೊರಲೆ! ಹುರುಳಿಸಾರಿನ ವಂಶಾವಳಿ ಎಷ್ಟು ಹಿಂದಿನದೆಂದು ಊಟಕ್ಕೆ ಕುಳಿತಾಗ ಎಣಿಸಿಕೊಳ್ಳಿ.

ನಡಿಗೆಗೆ ಮರಳೋಣ. ಅಂಕಿಗಳು ತೋರಿಸಿದ ಜಾಗಕ್ಕೆ ಬಂದ ಹುಡುಗಿ ಸುತ್ತಲೂ ನೋಡಿ, "ತಾತಾ, ಇಲ್ಲಿ ಏನೂ ಇಲ್ಲಲ್ಲ!" ಎಂದಳು. ಯಂತ್ರ ಕೆಲವು ಮಾರು ತಪ್ಪುವುದುಂಟು, ಹುಡುಕು ಎಂದೆ. ಕಾಲುಗಂಟೆಯ ಮೇಲೆ ಅವಳ ಬೆರಳು ಬಂಡೆಯ ಸವೆದ ದೋಣಿಯೊಳಗೆ ತಾನಾಗಿ ಜಾರಿತು. ಅವಳು ಮಾತಾಡಲಿಲ್ಲ.

ಮೇಲೇರಿ ಕಪ್ಪು ಬಂಡೆಯೊಂದನ್ನು ಸಣ್ಣ ಹರಳಿನಿಂದ ಮೆಲ್ಲಗೆ ತಟ್ಟಿದೆ, ಗಂಟೆಯಂತೆ ನುಡಿಯಿತು. ಹಳಬರು ತಟ್ಟಿ ತಟ್ಟಿ ಮಾಡಿದ ಗುಳಿಗಳು ಅಂಥ ಬಂಡೆಗಳ ಮೇಲೆ ಇವೆ. ನಿಕೋಲ್ ಬೋಯ್ವಿನ್ ಎಂಬ ವಿದುಷಿ 2004ರಲ್ಲಿ ಈ ನಾದದ ಕಲ್ಲುಗಳ ಬಗ್ಗೆ ಬರೆದಾಗ ದೂರದ ದೇಶಗಳಲ್ಲೂ ಕುತೂಹಲವೆದ್ದಿತು. ನಾನು ತಟ್ಟಿದ್ದೂ ತಪ್ಪೇ, ಒಪ್ಪುತ್ತೇನೆ. ಆದರೆ ಜಲ್ಲಿಗಾಗಿ ಬಂಡೆ ಒಡೆಯುವವರ ಸುತ್ತಿಗೆ ಇಂಥ ಮೆಲ್ಲನೆಯದಲ್ಲ. ಗುಡ್ಡದ ಅಂಚಿನಲ್ಲಿ ಕಲ್ಲುಗಣಿ ನಡೆದ ಗುರುತನ್ನು ನೋಡಿದಾಗ ಹೊಟ್ಟೆ ಉರಿಯಿತು. ಒಡೆದ ಚಿತ್ರವನ್ನು ಯಾವ ಗಾರೆಯೂ ಕೂಡಿಸಲಾರದು.

ಇಳಿಯುವಾಗ ಅವಳ ಮುಷ್ಟಿ ಬಿಗಿಯಾಗಿತ್ತು. ತೆರೆಸಿದರೆ ಒಂದು ಚಕ್ಕೆ. "ಒಂದು ತಗೊಂಡು ಒಂದು ಇಡಬೇಕಲ್ಲ ತಾತಾ, ನಾನು ಪೆನ್ಸಿಲ್ ಇಟ್ಟು ಬಂದೀನಿ" ಎಂದಳು. ನನಗೆ ಬೈಯುವ ಅಧಿಕಾರ ಇರಲಿಲ್ಲ. ಅವಳ ವಯಸ್ಸಿನಲ್ಲಿ ನಾನೂ ಒಂದು ಮುರಿದ ಕೊಡಲಿಯನ್ನು ಮನೆಗೆ ತಂದಿದ್ದೆ. ಕಾಗದ ಹಾರದಂತೆ ಒತ್ತಿಡಲು ಅದು ಬಹುಕಾಲ ಒದಗಿತು. ಆದರೆ ಯಾವ ಬಂಡೆಯ ಬಳಿ, ಯಾವ ರಾಶಿಯಲ್ಲಿ ಸಿಕ್ಕಿತೆಂಬುದು ಮರೆತಿದೆ. ಜಾಗ ತಪ್ಪಿದ ಮೇಲೆ ಅದು ಬರೀ ಕಲ್ಲು. ಇದನ್ನು ಅವಳಿಗೆ ಹೇಳಿದೆ.

ಬಿಸಿಲು ಏರುತ್ತಿತ್ತು. ಆದರೂ ಹಿಂದಕ್ಕೆ ಹತ್ತಿದೆವು. ಪೆನ್ಸಿಲ್ ಇದ್ದ ಜಾಗದಲ್ಲಿ ಚಕ್ಕೆಯ ಗುರುತು ಮಣ್ಣಿನಲ್ಲಿ ಇನ್ನೂ ಅಚ್ಚಾಗಿತ್ತು. ಅವಳು ಬಗ್ಗಿ, "ಈ ಮಗ್ಗುಲಾ, ಆ ಮಗ್ಗುಲಾ?" ಎಂದು ತಿರುಗಿಸಿ ತಿರುಗಿಸಿ ಹೊಂದಿಸಿದಳು.

ಹೋಗಬಯಸುವವರು ಮೊದಲು ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವನ್ನು ನೋಡಿ, ಆಮೇಲೆ ಬೆಳಗಿನ ತಂಪಿನಲ್ಲಿ ಗುಡ್ಡ ಹತ್ತಿರಿ. ನೀರನ್ನು ಮರೆಯಬೇಡಿ.