ಗಟಾರಕ್ಕೆ ಯಂತ್ರ ಬಂದರೆ ಕಲಿಯುವವರು ಯಾರು?



ನಮ್ಮ ಹೋಟೆಲಿನ ಮೋರಿಯ ಜಿಡ್ಡೆಲ್ಲ ಬೀದಿಯ ಗಟಾರಕ್ಕೇ ಹೋಗುತ್ತದೆ. ಅದು ಕಟ್ಟಿಕೊಂಡರೆ ಒಳಗೆ ಇಳಿಯುವವನೂ ನಮ್ಮಂಥ ಕೂಲಿಗಾರನೇ. ಒಳಗಿನ ವಿಷವಾಯು ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದರೆ ಮೂಗೇ ಸತ್ತು ನಾತವೂ ತಿಳಿಯದು. 2015ರಲ್ಲಿ ಕೋಳಿಕ್ಕೋಡಿನಲ್ಲಿ ಇಬ್ಬರು ಕಾರ್ಮಿಕರೂ ಅವರನ್ನು ಎತ್ತಲು ಹೋದ ಆಟೋ ಚಾಲಕನೂ ಹೀಗೆಯೇ ಸತ್ತರು. ರಕ್ಷಣೆಯಿಲ್ಲದೆ ಇಳಿಸಬಾರದೆಂದು 2013ರ ಕಾಯಿದೆ ಹೇಳಿಯೇ ಇತ್ತು. ಕಾಗದವೇನು ಗಟಾರಕ್ಕೆ ಇಳಿಯುತ್ತದೆಯೇ!

2018ರಲ್ಲಿ ಕೇರಳದ ಯುವ ಎಂಜಿನಿಯರರು ‘ಬ್ಯಾಂಡಿಕೂಟ್’ ಎಂಬ ಯಂತ್ರವನ್ನು ತಿರುವನಂತಪುರದಲ್ಲಿ ಇಳಿಸಿದರು. ಮೇಲೆ ನಿಂತವನು ಪರದೆಯಲ್ಲಿ ನೋಡುತ್ತ ಗುಂಡಿ ಒತ್ತಿದರೆ ಯಂತ್ರದ ಕೈ ಕೆಸರನ್ನು ಎತ್ತುತ್ತದೆ. ಯಂತ್ರಕ್ಕಿಂತ ನಾವು ಮೆಚ್ಚುವುದು ಬೇರೊಂದನ್ನು: ಗಟಾರಕ್ಕೆ ಇಳಿಯುತ್ತಿದ್ದವರಿಗೇ ಅದನ್ನು ನಡೆಸಲು ಕಲಿಸಿದರು. ಹೊಸ ಮಗ್ಗ ಬಂದಾಗ ಹಳೆಯ ಕೈಗಳೇ ಮೊದಲು ಹೊರಬಿದ್ದದ್ದನ್ನು ಗಿರಣಿಯ ಹಿರಿಯರು ಕಂಡಿದ್ದಾರೆ.

ನಮ್ಮ ಪಾಲಿಕೆ ಯಂತ್ರ ಕೊಳ್ಳುವಾಗ ನಾವು ಕೇಳಬೇಕು: ತರಬೇತಿ ಯಾರಿಗೆ? ಕಂತ್ರಾಟಿನವನಿಗೂ ಉಂಟೋ? ಕಲಿಯುವ ದಿನಗಳಿಗೆ ಸಂಬಳವುಂಟೋ? ರಿಪೇರಿಯನ್ನೂ ಕಲಿಸುವರೋ? ಯಂತ್ರ ಕೆಟ್ಟು ಮೂಲೆ ಸೇರಿದ ದಿನ ಮತ್ತೆ ಮನುಷ್ಯನೇ ಇಳಿಯುತ್ತಾನೆ.

ಈ ಪ್ರಶ್ನೆಗಳನ್ನೇ ಮನವಿಯಾಗಿ ಬರೆದಿದ್ದೇವೆ. ಭಾನುವಾರ ಪಾಳಿ ಮುಗಿಸಿ ಸಂಘದ ಕೋಣೆಗೆ ಬಂದು ರುಜು ಹಾಕಿರಿ.