ಬಲ್ಮಠದ ಬೆಂಚುಗಳಲ್ಲಿ ಕೂತವರು



ಬಲ್ಮಠ ಎಂದರೆ ಕನ್ನಡದ ಓದುಗರಿಗೆ ತಟ್ಟನೆ ನೆನಪಾಗುವುದು ಎರಡು ಹೆಸರು. ಒಂದು, 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರತಂದ ಹರ್ಮನ್ ಮೊಗ್ಲಿಂಗರದು. ಇನ್ನೊಂದು, 1894ರಲ್ಲಿ ಇಲ್ಲಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲೇ ಅಚ್ಚಾದ ನಿಘಂಟಿನ ಕರ್ತೃ ಕಿಟ್ಟೆಲರದು. ಇಬ್ಬರ ಬಗ್ಗೆಯೂ ಬೇಕಾದಷ್ಟು ಬರೆದಾಗಿದೆ. ಇವತ್ತು ಅವರನ್ನು ಸ್ವಲ್ಪ ಬದಿಗಿರಿಸಿ, ಅವರು ಪ್ರಸಂಗ ಮಾಡುವಾಗ ಎದುರಿನ ಬೆಂಚುಗಳಲ್ಲಿ ಕೂತಿದ್ದವರ ಬಗ್ಗೆ ಮಾತಾಡೋಣ ಎಂದುಕೊಂಡಿದ್ದೇನೆ. ಸಭೆ ಎಂದರೆ ಅವರೇ ತಾನೆ?

ಬಾಸೆಲ್ ಮಿಷನ್ನಿನಿಂದ ಮೊದಲು ಬಂದವರು ಮೂವರು: ಸಾಮುವೆಲ್ ಹೆಬಿಕ್, ಲೆಹ್ನರ್, ಗ್ರೈನರ್. 1833ರ ಚಾರ್ಟರ್ ಕಾಯ್ದೆ ಬರುವವರೆಗೆ ಬ್ರಿಟಿಷರಲ್ಲದ ಮಿಷನರಿಗಳಿಗೆ ಕಂಪನಿಯ ನೆಲದಲ್ಲಿ ಸರಾಗವಾಗಿ ನೆಲೆಸಲು ಅವಕಾಶವಿರಲಿಲ್ಲ. ಬಾಗಿಲು ತೆರೆದ ಮರುವರ್ಷವೇ ಇವರು ಹಡಗು ಹತ್ತಿದರು. ಕಲ್ಲಿಕೋಟೆಯಲ್ಲಿ ಇಳಿದು 1834ರ ಅಕ್ಟೋಬರ್ 30ಕ್ಕೆ ಮಂಗಳೂರು ಮುಟ್ಟಿದರು. ಮರುದಿನ ಲೂಥರ್ ತನ್ನ ಪ್ರಬಂಧಗಳನ್ನು ಪ್ರಕಟಿಸಿದ ದಿನ. ಅದು ಕಾಕತಾಳೀಯವೇ ಇರಬಹುದು, ಆದರೆ ಹೆಬಿಕ್‌ಗೆ ಅದು ನೆನಪಾಗದೆ ಇದ್ದೀತೆ ಎಂದು ನನಗೆ ಅನುಮಾನ. ಪಾದ್ರಿಯ ಮಗನಾದ ಆತ ಲ್ಯೂಬೆಕ್ಕಿನಂಥ ಲೂಥರನ್ ಊರಿನಲ್ಲಿ ವ್ಯಾಪಾರ ಕಲಿತು ಬಂದವನು.

ಕಲೆಕ್ಟರ್ ಬ್ಲೇರ್ 1840ರಲ್ಲಿ ಬಲ್ಮಠದ ಗುಡ್ಡದ ಜಾಗ ಕೊಟ್ಟ ಮೇಲೆ ಮಿಷನ್ ಊರಿದ ಕಾಲು ಗಟ್ಟಿಯಾಯಿತು. ಶಾಲೆ, ಮುದ್ರಣಾಲಯ, ದೇವಜ್ಞಾನ ಶಾಲೆ ಒಂದರ ಹಿಂದೆ ಒಂದು ಎದ್ದವು. ಇದೆಲ್ಲ ನಿಮಗೆ ಗೊತ್ತಿರುವ ಕಥೆ. ನಾನು ಕೇಳಬೇಕೆಂದಿರುವುದು ಬೇರೆ: ದೀಕ್ಷಾಸ್ನಾನ ಪಡೆದ ಮರುದಿನ ಬೆಳಿಗ್ಗೆ ಆ ಮನುಷ್ಯ ಎಲ್ಲಿಗೆ ಹೋಗಿ ಏನು ಕೆಲಸ ಮಾಡಿದ?

ಇಲ್ಲಿ ತುಳುನಾಡಿನ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸಭೆಗೆ ಸೇರಿದವರಲ್ಲಿ ಬಹುಪಾಲು ಬಿಲ್ಲವರು. ಅವರಲ್ಲಿ ಹಲವರ ಕಸುಬು ಮೂರ್ತೆಗಾರಿಕೆ. ಮಿಷನರಿಗಳಿಗೆ ಕಳ್ಳು ಕಂಡರಾಗದು, ಆದ್ದರಿಂದ ಸಭೆಗೆ ಬಂದವನು ತಾಳೆಮರದಿಂದ ಇಳಿಯಲೇಬೇಕು. ಗೇಣಿಗೆ ಗದ್ದೆ ಮಾಡುತ್ತಿದ್ದವನಾದರೆ ಧಣಿಯ ಮನೆಯ ಭೂತದ ಕೋಲಕ್ಕೆ ಅವನದ್ದೊಂದು ಚಾಕರಿ ಇರುತ್ತಿತ್ತು. ಅದನ್ನು ಬಿಟ್ಟೆ ಎಂದರೆ ಧಣಿ ಒಕ್ಕಲೆಬ್ಬಿಸುತ್ತಿದ್ದ. ಉಳಿದದ್ದು ಕುಟುಂಬದ ಆಸ್ತಿ. ಧರ್ಮ ಬಿಟ್ಟವನ ಹಕ್ಕು ಹೋಗಬಾರದೆಂದು 1850ರಲ್ಲಿ ಸರಕಾರ ಕಾಯ್ದೆಯನ್ನೇನೋ ತಂದಿತು. ಆದರೆ ಅಳಿಯಸಂತಾನದ ಕುಟುಂಬದಲ್ಲಿ ಒಬ್ಬನೇ ಎದ್ದುನಿಂತು ನನ್ನ ಪಾಲು ಕೊಡಿ ಎನ್ನುವ ಹಾಗೇ ಇರಲಿಲ್ಲ. ಇಲ್ಲದ ಪಾಲನ್ನು ಕಾಯ್ದೆ ಎಲ್ಲಿಂದ ಉಳಿಸಿಕೊಟ್ಟೀತು? ಹೆಂಡತಿ ಜೊತೆಗೆ ಬರದಿದ್ದರೆ ಮಕ್ಕಳೂ ಅವಳ ಕುಟುಂಬಕ್ಕೇ ಸೇರಿದವರು. ಹೀಗೆ ಒಂದು ಭಾನುವಾರದಲ್ಲಿ ಮನೆ, ಮರ, ಗದ್ದೆ, ಮಕ್ಕಳು ಎಲ್ಲವೂ ಕೈಬಿಟ್ಟು ಹೋಗುವ ಸಾಧ್ಯತೆ ಇತ್ತು.

ಮೇಲ್ಜಾತಿಯವರಿಗೂ ಇದು ಸುಲಭವಿರಲಿಲ್ಲ. 1844ರ ಜನವರಿಯಲ್ಲಿ ಮಿಷನ್ ಶಾಲೆಯ ವಿದ್ಯಾರ್ಥಿ ಆನಂದರಾವ್ ಕೌಂಡಿನ್ಯ ಮತ್ತು ಇನ್ನಿಬ್ಬರು ಸಾರಸ್ವತ ತರುಣರು ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಕುದಿಯಿತು. ಕೌಂಡಿನ್ಯರು ಮೊಗ್ಲಿಂಗರ ಜೊತೆ ಬಾಸೆಲ್‌ಗೆ ಹೋಗಿ ಓದಿ, ಗುರುದೀಕ್ಷೆ ಪಡೆದು ಮರಳಿದರು. ಆದರೆ ಎಲ್ಲರನ್ನೂ ಬಾಸೆಲ್‌ಗೆ ಕಳಿಸಲಾಗುತ್ತದೆಯೇ? ಉಳಿದವರಿಗೆ ಇಲ್ಲೇ ಅನ್ನದ ದಾರಿ ಆಗಬೇಕಿತ್ತು.

ಮಿಷನ್ ಹಲವು ಕಸುಬುಗಳಿಗೆ ಕೈಹಾಕಿತು, ಕೆಲವು ಕೈಕಚ್ಚಿದವು. ಗಟ್ಟಿಯಾಗಿ ನಿಂತದ್ದು ಮುದ್ರಣ, ನೇಯ್ಗೆ ಮತ್ತು ಹೆಂಚು. 1851ರಲ್ಲಿ ಹಾಲರ್ ಎಂಬ ನೇಕಾರ ಬಂದು ಮಗ್ಗಗಳನ್ನು ವ್ಯವಸ್ಥೆಗೆ ತಂದ. ಖಾಕಿ ಹುಟ್ಟಿದ್ದು ಬಲ್ಮಠದಲ್ಲೇ ಎಂದು ನಾವು ಎದೆತಟ್ಟಿಕೊಳ್ಳುವುದು ಅವನ ಹೆಸರು ಹೇಳಿಕೊಂಡೇ. ಅದು ಅರ್ಧ ಸತ್ಯ. ವಾಯವ್ಯ ಗಡಿಯ ಗೈಡ್ಸ್ ಪಡೆ ಅದಕ್ಕೂ ಮೊದಲೇ ಆ ಬಣ್ಣ ತೊಟ್ಟಿತ್ತು. ಹಾಲರ್‌ನ ಹೆಚ್ಚುಗಾರಿಕೆ ಬಟ್ಟೆಗೆ ಹಿಡಿಯುವ ಬಣ್ಣವೊಂದನ್ನು ಇಲ್ಲಿ ತಯಾರಿಸಿದ್ದರಲ್ಲಿ. ಅಷ್ಟೇ ಹೇಳಿಕೊಂಡರೂ ಮಂಗಳೂರಿನ ಮಾನಕ್ಕೆ ಕುಂದಿಲ್ಲ.

ಹೆಂಚಿನ ಮಾತು ಬೇರೆ. ಜಾರ್ಜ್ ಪ್ಲೆಬ್ಸ್ಟ್ ಮುದ್ರಣಾಲಯದ ಕೆಲಸಕ್ಕೆ ಬಂದವನು. ಇಲ್ಲಿನ ಜೇಡಿಮಣ್ಣು ಅವನ ಕಣ್ಣಿಗೆ ಬಿತ್ತು. 1865ರಲ್ಲಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾಯಿತು. ಹಳೇ ಮನೆ ಕೆಡವುವಲ್ಲಿಗೆ ಹೋದರೆ ಒಂದು ಹೆಂಚು ಎತ್ತಿ ಮಗುಚಿ ನೋಡಿ. ಕೆಂಪು ಮಣ್ಣಿನಲ್ಲಿ ಮಿಷನ್ನಿನ ಹೆಸರು, 1865 ಎಂಬ ಇಸವಿ ಅಚ್ಚೊತ್ತಿದಂತೆ ಕೂತಿರುತ್ತದೆ. ಪಾಚಿ ಕೆರೆದರೆ ಅಕ್ಷರಗಳ ಅಂಚು ಈಗಲೂ ಬೆರಳಿಗೆ ಸಿಗುತ್ತದೆ. ಮಣ್ಣು ತುಳಿದು, ಅಚ್ಚಿಗೆ ಹಾಕಿ, ಒಣಗಿಸಿ, ಗೂಡಿಗೆ ಏರಿಸಿದವರಲ್ಲಿ ಸಭೆಯ ಗಂಡಸರು ಹೆಂಗಸರು ಇಬ್ಬರೂ ಇದ್ದರು.

ಅನ್ನದಾಸೆಗೆ ಸೇರಿದವರು ಎಂಬ ಚುಚ್ಚುಮಾತು ಇವತ್ತಿಗೂ ಕೇಳಿಬರುತ್ತದೆ. ಇಸವಿಗಳನ್ನು ಒಮ್ಮೆ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಹೆಂಚಿನ ಕಾರ್ಖಾನೆ ಏಳುವ ಹೊತ್ತಿಗೆ ಮಿಷನ್ ಬಂದು ಮೂವತ್ತು ವರ್ಷ ಕಳೆದಿತ್ತು. ಆದರೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಗುರು, ಧಣಿ ಇಬ್ಬರೂ ಒಂದೇ ಮಿಷನ್ನಿನವರಾದಾಗ ಬಡವನ ಬಾಯಿ ಅರ್ಧ ಮುಚ್ಚಿದಂತೆಯೇ. ಕೋಳಿ ಅಂಕಕ್ಕೆ ಹೋದರೆ, ಕುಡಿದರೆ, ನೇಮ ನೋಡಲು ನಿಂತರೆ ಸಭಾಶಿಸ್ತು ಕಾದಿರುತ್ತಿತ್ತು. ಕರ್ತನ ಭೋಜನದಿಂದ ದೂರ ಇಡುತ್ತಿದ್ದರು. ಜಾತಿಯ ವಿಷಯದಲ್ಲಿ ಇದೇ ಬಿಗಿ ಒಳ್ಳೆಯದನ್ನೂ ಮಾಡಿತು. ತಮಿಳುನಾಡಿನಲ್ಲಿ ಲೈಪ್‌ಜಿಗ್ ಮಿಷನ್ನಿನ ಲೂಥರನ್ನರು ಜಾತಿಯೊಂದಿಗೆ ಹೊಂದಿಕೊಂಡು ಹೋದರು. ಬಾಸೆಲ್‌ನವರು ಅದಕ್ಕೆ ಒಪ್ಪಲಿಲ್ಲ. ಅವರು ಹೇರಿದ ನಿಯಮಗಳಲ್ಲಿ ನನಗೆ ಪೂರ್ತಿ ಒಪ್ಪಿಗೆಯಾಗುವುದು ಇದೊಂದೇ.

ಭಾಷೆಯದ್ದೂ ಒಂದು ಮಾತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಗ್ರೈನರ್ ತುಳುವಿನ ಬೆನ್ನು ಹಿಡಿದ. 1847ರ ಹೊತ್ತಿಗೆ ತುಳುವಿನಲ್ಲಿ ಹೊಸ ಒಡಂಬಡಿಕೆ ಇಡಿಯಾಗಿ ಸಿದ್ಧವಾಯಿತು, ಕನ್ನಡ ಲಿಪಿಯಲ್ಲಿ. ಅಚ್ಚಿನ ತುಳುವಿಗೆ ಕನ್ನಡ ಅಕ್ಷರ ರೂಢಿಯಾದದ್ದು ಹೀಗೆ. ಇವತ್ತು ತುಳುವಿಗೆ ಸ್ವಂತ ಲಿಪಿ ಬೇಕೆನ್ನುವವರಿಗೆ ಮಿಷನ್ ಮೇಲೆ ಮುನಿಸಿದೆ. ಆದರೆ ಆ ಓದು ಮುಟ್ಟಬೇಕಾಗಿದ್ದದ್ದು ಕನ್ನಡ ಅಕ್ಷರವನ್ನೇ ಆಗತಾನೆ ಕಲಿಯುತ್ತಿದ್ದ ಕೂಲಿಯವರಿಗೆ ಎಂಬುದನ್ನು ಮರೆಯಬಾರದು.

1914ರ ಯುದ್ಧ ಬಂತು. ನಿನ್ನೆಯವರೆಗೆ ದೊರೆಗಳೆನಿಸಿಕೊಂಡಿದ್ದ ಜರ್ಮನರು ರಾತ್ರೋರಾತ್ರಿ ಶತ್ರುಗಳಾದರು. ಅವರನ್ನು ಶಿಬಿರಗಳಲ್ಲಿ ಕೂಡಿಹಾಕಿ, ಆಮೇಲೆ ದೇಶದಿಂದಲೇ ಹೊರಗೆ ಕಳಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು. ಗುರು ಮತ್ತು ಧಣಿ ಬೇರೆಬೇರೆಯಾದದ್ದು ಆಗಲೇ. ಸಭೆಯ ಮಟ್ಟಿಗೆ ಈ ಯುದ್ಧವೇ ದೊಡ್ಡ ತಿರುವು. ನಮ್ಮ ಚರಿತ್ರೆಕಾರರು ಮೊಗ್ಲಿಂಗ್, ಕಿಟ್ಟೆಲರಲ್ಲೇ ನಿಂತುಬಿಟ್ಟು ಇದನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಇಲ್ಲಿನ ಸಭಾಪಾಲಕರು ಮತ್ತು ಸಭಾಹಿರಿಯರು ಲೆಕ್ಕಪತ್ರ, ಶಾಲೆ, ಜಗಳ, ಮದುವೆ ಎಲ್ಲವನ್ನೂ ತಾವೇ ಹೊರಲು ಕಲಿತದ್ದು ಆ ವರ್ಷಗಳಲ್ಲಿ.

ಇನ್ನು ಪಂಥದ ಪ್ರಶ್ನೆ: ಈ ಸಭೆ ಲೂಥರನ್ನೋ ಅಲ್ಲವೋ? ಬಾಸೆಲ್ ನಗರದ್ದು ಸುಧಾರಿತ ಪಂಥ. ಅಲ್ಲಿ ತರಬೇತಾಗಿ ಬಂದವರಲ್ಲಿ ಹೆಚ್ಚಿನವರು ವ್ಯುರ್ಟೆಂಬರ್ಗಿನ ಲೂಥರನ್ ಹಳ್ಳಿಗಳವರು. ಆರಾಧನೆಯ ಕ್ರಮ, ಕೀರ್ತನೆಯ ರಾಗ ಲೂಥರನ್ ಕಡೆಯಿಂದ ಬಂದವು. ಹಿರಿಯರ ಪಂಚಾಯತಿ ಸುಧಾರಿತ ಪಂಥದ ಕಡೆಯಿಂದ. ದಕ್ಷಿಣ ಭಾರತದ ಹಲವು ಸಭೆಗಳು 1947ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಅಂದರೆ ಸಿಎಸ್‌ಐ ಹೆಸರಿನಲ್ಲಿ ಒಂದಾಗಲು ಹೊರಟಾಗ ತಮಿಳು ಲೂಥರನ್ನರು ಹೊರಗೇ ಉಳಿದರು. ಬಾಸೆಲ್‌ನ ಸಭೆಗಳು ಇಂದು ಸಿಎಸ್‌ಐ ಒಳಗಿವೆ. ಪಂಥದ ಹೆಸರಿಗಾಗಿ ಹಟ ಹಿಡಿಯುವ ಕಾರಣ ಅವರಿಗೆ ಇರಲಿಲ್ಲ. ಮನೆತನದ ಹೆಸರು, ಕುಟುಂಬದ ಆಸ್ತಿ, ಕಸುಬು ಇಷ್ಟನ್ನೂ ಬಿಟ್ಟು ಬಂದವರ ಮೊಮ್ಮಕ್ಕಳು ಅವರು.